ಭವನದ ಹುಲ್ಲಿಗೆ ಮಂದೆ ಮಲಗಿಸಿದ ಪಟ್ಟಲಮ್ಮ

ಬೆಳಗಿನ ಜಾವ ವಾಕಿಂಗ್ ಹೊರಟವರೆಲ್ಲ ಗೇಟಿನ ಮುಂದೆ ನಿಂತುಬಿಟ್ಟಿದ್ದಾರೆ. ನಿಲ್ಲದೆ ಏನು ಮಾಡಿಯಾರು? ಮಳವಳ್ಳಿಯಿಂದ ಶಿವನಸಮುದ್ರಕ್ಕೆ ಹೋಗುವ ರಸ್ತೆಯಲ್ಲಿ, ಬೆಳಕವಾಡಿಯ ಆಸುಪಾಸಿನಲ್ಲಿರುವ ಅಂಬೇಡ್ಕರ್ ಭವನದ ಅಂಗಳದ ತುಂಬ ಕುರಿಗಳು! ಸುತ್ತ ಬಲೆ ಕಟ್ಟಿದೆ. ಬಾಬಾಸಾಹೇಬರ ಪ್ರತಿಮೆಯ ಕಟ್ಟೆಯತ್ತ ಒಂದು ಮರಿಯೂ ಸುಳಿಯದಂತೆ ಹಗ್ಗ ಬಿಗಿದಿದೆ. ನಡುವೆ ಸೀರೆ ಎತ್ತಿಕಟ್ಟಿ ನಿಂತ ಪಟ್ಟಲಮ್ಮ, ಮಂದೆಯನ್ನು ನಯವಾಗಿ ಒಂದು ಮೂಲೆಗೆ ತಳ್ಳುತ್ತಿದ್ದಾರೆ. "ಈ ಮೂಲೆಗೂ ವಸಿ ಬನ್ರವ್ವ, ಇಲ್ಲಿಗೆ ಗೊಬ್ರ ಬಿದ್ದೇ ಇಲ್ಲ," ಎಂದು ಕುರಿಗಳನ್ನೇ ಬೇಡಿಕೊಳ್ಳುತ್ತಿದ್ದಾರೆ.

ನಿಂತವರ ಪೈಕಿ ಭವನದ ಸಮಿತಿಯ ಅಧ್ಯಕ್ಷ ಕೆಂಪಸಿದ್ದಯ್ಯನವರೂ ಇದ್ದಾರೆ. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ದುಡಿದು ನಿವೃತ್ತರಾದವರು, ಶಿಸ್ತಿನ ಮನುಷ್ಯ. ಇದೇನವ್ವ, ಭವನವನ್ನು ಕುರಿದೊಡ್ಡಿ ಮಾಡಿಬಿಟ್ಟೆಯಲ್ಲ ಎಂದು ಅವರು ಗೇಟಿನಾಚೆಯಿಂದಲೇ ಕೇಳಿದರೆ, ಪಟ್ಟಲಮ್ಮ ತಿರುಗಿಯೂ ನೋಡುವುದಿಲ್ಲ. "ತಡಿ ಕೆಂಪಸಿದ್ದಣ್ಣ, ಗೊಬ್ರ ಆಯ್ತಾ ಅದೆ," ಅನ್ನುತ್ತಾರೆ. ಶಿಸ್ತಿನ ಮನುಷ್ಯನಿಗೆ ನಗು ತಡೆಯಲಾಗದೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಡುತ್ತಾರೆ.

ಪಟ್ಟಲಮ್ಮನಿಗೆ ಈಗ ಐವತ್ತೈದರ ಆಚೀಚೆ. ಭವನದ ಕಸ ಗುಡಿಸುವವರು, ಬೀಗ ಹಾಕುವವರು, ತೋಟ ನೋಡುವವರು ಎಲ್ಲ ಅವರೇ. ಈ ಲಾನಿಗೆ ನರ್ಸರಿಯಿಂದ ಹುಲ್ಲು ತಂದು ಹಾಕಿದ ದಿನದಿಂದ ಅದರ ಅಕ್ಕರೆ ಆರೈಕೆಯೂ ಅವರದ್ದೇ. ಮದುವೆಗಳ ಶಾಮಿಯಾನ, ಬಿಸಿ ಬಿಸಿ ಪಾತ್ರೆ, ಒಳಗೇ ನುಗ್ಗಿಸುವ ಟೆಂಪೊ, ಇವೆಲ್ಲ ಸಾಲದು ಎಂಬಂತೆ ಚಳಿಗಾಲದಲ್ಲಿ ನೀರಿನ ಮೋಟಾರು ಬೇರೆ ಸುಟ್ಟುಹೋಯಿತು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಹುಲ್ಲು ಒಣಗಿ ರಾಗಿಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

ಸಮಿತಿಯವರು ಕೂತು ಮಾತಾಡಿದರು. ಹೈಸ್ಕೂಲು ಮೇಷ್ಟ್ರು ಪ್ರಸನ್ನ, ಲಾನು ಕಿತ್ತು ಇಂಟರ್‌ಲಾಕ್ ಟೈಲ್ಸ್ ಹಾಕಿಸಿಬಿಡೋಣ ಎಂದರು. ನೀರು ಬೇಡ, ಕೆಸರಿಲ್ಲ, ವರ್ಷವರ್ಷದ ರಗಳೆ ಇಲ್ಲ. ಮಾತು ನ್ಯಾಯವಾಗಿಯೇ ಇತ್ತು. ಏಪ್ರಿಲ್ ಹದಿನಾಲ್ಕರ ಜಯಂತಿಯವರೆಗೆ ನೋಡೋಣ, ಅಷ್ಟರಲ್ಲಿ ಹಸಿರಾದರೆ ಸರಿ, ಇಲ್ಲವಾದರೆ ಮಾರನೇ ದಿನವೇ ಟೈಲ್ಸ್ ಇಳಿಯುತ್ತದೆ ಎಂದು ಕೆಂಪಸಿದ್ದಯ್ಯ ತೀರ್ಮಾನ ಹೇಳಿದರು. ನಿನ್ನ ಕೆಲಸಕ್ಕೇನೂ ತೊಂದರೆಯಿಲ್ಲ, ಗುಡಿಸುವುದು ಇದ್ದೇ ಇರುತ್ತದಲ್ಲ ಎಂದು ಪಟ್ಟಲಮ್ಮನಿಗೆ ಸಮಾಧಾನವನ್ನೂ ಮಾಡಿದರು. ಆ ಸಮಾಧಾನವೇ ಅವರಿಗೆ ಚುಚ್ಚಿತು.

"ಗುಡ್ಸೋದು ನಮ್ಮವ್ವನ ಕಾಲ್ದಿಂದ್ಲೂ ಇತ್ತು ಕಣಪ್ಪ," ಎನ್ನುತ್ತಾರೆ ಪಟ್ಟಲಮ್ಮ. "ಉಲ್ಲು ಬೆಳ್ಸೋದು ನಾನೇ ಸುರು ಮಾಡ್ಕಂಡಿದ್ದು. ಅದ ಬುಡು ಅಂದ್ರೆ ಎಂಗೆ ಬುಡ್ಲಿ?"

ಅವರಿಗೆ ಒಂದು ಗುಂಟೆ ಜಮೀನೂ ಇಲ್ಲ. ಹುಟ್ಟಿದಾಗಿನಿಂದ ಬೇರೆಯವರ ಗದ್ದೆಯಲ್ಲೇ ನಾಟಿ, ಕಳೆ, ಕೊಯ್ಲು. ಹುಲ್ಲೆಂದರೆ ಹಸುವಿನ ಹೊಟ್ಟೆಗೆ ಬದುವಿನ ಮೇಲೆ ಕೊಯ್ಯುವುದು, ಅದಕ್ಕೂ ಬದುವಿನ ಯಜಮಾನನಿಂದ ಬೈಸಿಕೊಳ್ಳುವುದು. ಯಾವ ಹಸುವೂ ತಿನ್ನದ ಹುಲ್ಲನ್ನು ನೀರು ಹಾಕಿ ಬೆಳೆಸಬೇಕೆಂದು ಮೊದಲು ಹೇಳಿದಾಗ ಅವರಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂದಿತ್ತಂತೆ. ಕಬ್ಬು ಕಡಿಯುವ ಗಂಡ ಮಹದೇವು, ನಮ್ಮವಳು ನೋಡುವುದಕ್ಕೆ ಹುಲ್ಲು ಬೆಳೆಯುತ್ತಾಳೆ ಎಂದು ಹಟ್ಟಿಯಲ್ಲೆಲ್ಲ ಸಾರಿಕೊಂಡು ಬಂದರಂತೆ. ಆಮೇಲಾಮೇಲೆ, ಸಂಜೆ ಅದೇ ಹುಲ್ಲಿಗೆ ಬಂದು ಕಾಲು ಚಾಚುವ ಮೊದಲ ಗಿರಾಕಿಯೂ ಅವರೇ ಆದರು.

ಕುರಿಯ ಯೋಚನೆ ಬಂದದ್ದು ಹೊನ್ನಯ್ಯನನ್ನು ಕಂಡಾಗ. ಕೊಯ್ಲಾದ ಮೇಲೆ ಹೊನ್ನಯ್ಯ ಪ್ರತಿವರ್ಷ ಮಂದೆ ಹೊಡೆದುಕೊಂಡು ಈ ಕಡೆ ಬರುತ್ತಾರೆ. ಜಮೀನಿರುವವರು ಸರದಿ ಹಿಡಿದು ತಮ್ಮ ಹೊಲದಲ್ಲಿ ರಾತ್ರಿ ಮಂದೆ ಮಲಗಿಸಿಕೊಳ್ಳುತ್ತಾರೆ. ಬೆಳಗಾಗುವಷ್ಟರಲ್ಲಿ ಹೊಲದ ತುಂಬ ಗೊಬ್ಬರ. ಹೊನ್ನಯ್ಯನಿಗೆ ರಾಗಿ, ಊಟ. ಇದನ್ನೆಲ್ಲ ಪಟ್ಟಲಮ್ಮ ರಸ್ತೆಯಿಂದ ನೋಡಿದ್ದುಂಟು, ಮಾಡಿಸಿದ್ದಿಲ್ಲ. ಈ ಸಲ ದಾರಿಗೆ ಅಡ್ಡ ನಿಂತು, ನನ್ನ ಹೊಲಕ್ಕೂ ಮಂದೆ ಬಿಡಬೇಕು ಎಂದರು. ನಿನ್ನ ಹೊಲ ಎಲ್ಲಿದೆಯಮ್ಮ ಎಂದು ಹೊನ್ನಯ್ಯ ಕೇಳಿದರೆ ಭವನದತ್ತ ಕೈ ತೋರಿಸಿದರು. ಸಮಿತಿಯವರನ್ನು ಕೇಳಲಿಲ್ಲ, ಕೇಳಿದರೆ ಬೇಡವೆನ್ನುತ್ತಾರೆಂದು ಗೊತ್ತಿತ್ತು. ಮನೆಯ ರಾಗಿ ಕೊಟ್ಟು, ಮುದ್ದೆ ಹುರುಳಿ ಸಾರು ಮಾಡಿ ಬಡಿಸಿ, ಎರಡು ರಾತ್ರಿ ಮಂದೆ ಮಲಗಿಸಿದರು.

ಜನ ಗೇಟಿನ ಮುಂದೆ ನಿಂತ ಆ ಬೆಳಿಗ್ಗೆ ಪ್ರಸನ್ನ ಮೇಷ್ಟ್ರು ಮೊಬೈಲಿನಲ್ಲಿ ವಿಡಿಯೊ ಮಾಡಿ, ಭವನಕ್ಕೆ ಹೊಸ ಸದಸ್ಯರು ಸೇರಿದ್ದಾರೆ ಎಂದು ಬರೆದು ಹಾಕಿದರು. ಮದ್ದೂರಿನವರೆಗೂ ಜನ ನಕ್ಕರು. ಪಟ್ಟಲಮ್ಮ ಕ್ಯಾರೆ ಅನ್ನಲಿಲ್ಲ. ಹಿಕ್ಕೆಯನ್ನು ಪುಡಿ ಮಾಡಿ ಪೊರಕೆಯಲ್ಲಿ ಸಮನಾಗಿ ಹರಡಿದರು. ಗಟ್ಟಿಯಾದ ಕಡೆ ಸಲಾಕೆಯಿಂದ ಚುಚ್ಚಿ ಮಣ್ಣು ಸಡಿಲ ಮಾಡಿದರು. ತಗ್ಗಿಗೆ ಕೆರೆಯ ಗೋಡುಮಣ್ಣನ್ನು ಜರಡಿ ಹಿಡಿದು ತುಂಬಿದರು. ಮೋಟಾರು ರಿಪೇರಿಯಾಗಿದ್ದರೂ ಕರೆಂಟು ಬರುವುದೇ ಬೆಳಗಿನ ಜಾವ, ಆದ್ದರಿಂದ ದಿನಾ ಕೋಳಿ ಕೂಗುವ ಹೊತ್ತಿಗೆ ಪೈಪು ಹಿಡಿದು ನಿಂತರು. ಹೊಂಗೆ ಮರ ಚಿಗುರಿತು, ಬೇವು ಚಿಗುರಿತು, ಇದು ಮಾತ್ರ ಹಟ ಹಿಡಿದು ಮಲಗಿತ್ತು. ಕೊನೆಗೊಂದು ದಿನ ಬುಡದಲ್ಲಿ ಸೂಜಿಮೊನೆಯಷ್ಟು ಹಸಿರು ಕಂಡಿತು. ಖುಷಿ ತಡೆಯದೆ, ಕೆಲಸಕ್ಕೆ ಹೊರಟಿದ್ದ ಮಹದೇವುವನ್ನು ಕೈಹಿಡಿದು ಎಳೆದುಕೊಂಡು ಬಂದು ತೋರಿಸಿದರು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಹುಲ್ಲಿನ ಜತೆಗೇ ಅಂಗಳದ ತುಂಬ ಪುಟ್ಟ ಪುಟ್ಟ ಗಿಡ ತಲೆ ಎತ್ತಿದವು. ಬಗ್ಗಿ ನೋಡಿದರೆ ಜಾಲಿ! ಕುರಿಗಳು ಕೆರೆ ಏರಿಯ ಜಾಲಿಕಾಯಿ ಮೇಯ್ದು ಬಂದಿದ್ದವು, ಬೀಜವನ್ನೆಲ್ಲ ಇಲ್ಲಿ ಬಿತ್ತಿ ಹೋಗಿದ್ದವು. ಬಿಟ್ಟರೆ ಜಯಂತಿಯ ಹೊತ್ತಿಗೆ ಬರಿಗಾಲಲ್ಲಿ ಬರುವ ಮಕ್ಕಳು ಮುದುಕರಿಗೆಲ್ಲ ಮುಳ್ಳು.

"ಒಲಕ್ಕಾದ್ರೆ ಆಮೇಲೆ ನೇಗ್ಲು ಬತ್ತದೆ, ಎಲ್ಲಾ ಮಣ್ಣಾಯ್ತದೆ. ಇಲ್ಲಿಗೆ ನೇಗ್ಲು ಎಲ್ಲಿಂದ ತರ್ಲಿ? ರಸ್ತೇಲಿ ನಿಂತು ನೋಡ್ದೋಳ್ಗೆ ಅಷ್ಟು ತಿಳೀನಿಲ್ಲ," ಎಂದು ತಮ್ಮ ಪೆದ್ದುತನಕ್ಕೆ ತಾವೇ ತಲೆ ಚಚ್ಚಿಕೊಂಡು ನಗುತ್ತಾರೆ.

ಅವತ್ತು ನಕ್ಕಿರಲಿಲ್ಲ. ಪಕ್ಕದ ಮನೆಯ ಅರುಂಧತಿಯ ಮುಂದೆ ಅತ್ತೇಬಿಟ್ಟಿದ್ದರು. ಅರುಂಧತಿ ಸುಮ್ಮನೆ ಕೂರುವ ಹೆಂಗಸಲ್ಲ. ಮರುದಿನ ಬೆಳಗಾಗುವುದರೊಳಗೆ ಹಟ್ಟಿಯ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಬಂದರು. ಭತ್ತದ ಗದ್ದೆಯಲ್ಲಿ ಕಳೆ ಕೀಳುವಂತೆ ಸಾಲು ಹಿಡಿದು ಕೂತರು. ಕೂಲಿಗೆ ಹೋಗುವ ಮುಂಚೆ ಒಂದಷ್ಟು, ಬಂದ ಮೇಲೆ ಒಂದಷ್ಟು, ಯುಗಾದಿ ಮುಗಿಯುವವರೆಗೆ ಇದೇ ಆಯಿತು. ಗಂಡಂದಿರ ಪುರಾಣ, ಸೊಸೆಯಂದಿರ ಪುರಾಣ, ಭವನದ ಅಂಗಳದಲ್ಲಿ ಅಷ್ಟು ನಗು ಯಾವ ಮದುವೆಯಲ್ಲೂ ಕೇಳಿರಲಿಲ್ಲ. ಮತ್ತೆ ವಿಡಿಯೊ ಮಾಡಲು ಬಂದ ಪ್ರಸನ್ನ ಮೇಷ್ಟ್ರಿಗೂ ಒಂದು ಸಾಲು ಸಿಕ್ಕಿತು. ಜಾಲಿಯ ಜತೆ ಹುಲ್ಲನ್ನೂ ಕಿತ್ತು, ತಮ್ಮ ವಿದ್ಯಾರ್ಥಿಯ ಅಜ್ಜಿಯಿಂದ ಚೆನ್ನಾಗಿ ಬೈಸಿಕೊಂಡರು. ಆದರೂ ಮರುದಿನ ಬಂದರು.

ಜಯಂತಿಯ ಬೆಳಿಗ್ಗೆ ಹುಲ್ಲು ಹಸಿರಾಗಿದೆ. ಅಲ್ಲಲ್ಲಿ ಕುರಿ ಗಂಜಲ ಹೆಚ್ಚಾಗಿ ಸುಟ್ಟ ಹಳದಿ ಮಚ್ಚೆ, ಅಲ್ಲಲ್ಲಿ ಗೊಬ್ಬರ ಹೆಚ್ಚಾಗಿ ದಟ್ಟ ಹಸಿರು. ಆದರೂ ಕಣ್ಣಿಗೆ ತಂಪು. ಟೈಲ್ಸ್ ಅಂಗಡಿಗೆ ಬೇಡವೆಂದು ಫೋನ್ ಮಾಡಿದ್ದೇನೆ ಎಂದು ಕೆಂಪಸಿದ್ದಯ್ಯ ತಾವೇ ಬಂದು ಹೇಳುತ್ತಾರೆ. ಅಷ್ಟಕ್ಕೇ ನಿಲ್ಲದೆ, ಪಟ್ಟಲಮ್ಮನ ಶ್ರಮಕ್ಕೆ ಮರ್ಯಾದೆಯೆಂದು ಒಂದು ಬೋರ್ಡನ್ನೂ ಬರೆಸಿ ತಂದು ನೆಟ್ಟಿದ್ದಾರೆ: "ಹುಲ್ಲಿನ ಮೇಲೆ ಕಾಲಿಡಬೇಡಿ." ಸುತ್ತ ಕಟ್ಟಲು ಹೊಸ ಹಗ್ಗವೂ ಬಂದಿದೆ.

ಪಟ್ಟಲಮ್ಮನಿಗೆ ಓದು ಬಾರದು. ಏನು ಬರೆದಿದೆ ಎಂದು ಮೇಷ್ಟ್ರನ್ನು ಕೇಳುತ್ತಾರೆ. ಕೇಳಿದ ಮೇಲೆ ಬೋರ್ಡನ್ನು ಕಿತ್ತು, ಬರೆದ ಮುಖ ಗೋಡೆಯ ಕಡೆ ಮಾಡಿ ಒರಗಿಸುತ್ತಾರೆ.

"ನಮ್ಮವ್ವ ಎಲ್ ಕುಂತ್ರೂ 'ಏಳು' ಅನ್ನೋರು ಕೆಂಪಸಿದ್ದಣ್ಣ. ಜಗ್ಲಿ ಮೇಲೂ ಅನ್ನೋರು, ಮರದ್ ಕಟ್ಟೆ ಮೇಲೂ ಅನ್ನೋರು. ಇಲ್ಲೂ ಏಳು ಅನ್ನೋದಾದ್ರೆ ನಾನ್ಯಾಕೆ ಇದ ಬೆಳಸ್ಬೇಕಿತ್ತು?"

ಕೆಂಪಸಿದ್ದಯ್ಯ ತಂದ ಹಗ್ಗವನ್ನು ತಾವೇ ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ.

ಬಿಸಿಲೇರುವಷ್ಟರಲ್ಲಿ ಟ್ರ್ಯಾಕ್ಟರುಗಳು, ನೀಲಿ ಬಾವುಟಗಳು, ತಮಟೆ. ಮೆರವಣಿಗೆ ಮುಗಿಸಿ ಬಂದವರೆಲ್ಲ ಹುಲ್ಲಿನ ಮೇಲೆಯೇ ಊಟದ ತಟ್ಟೆ ಹಿಡಿದು ಕೂರುತ್ತಾರೆ. ಮಕ್ಕಳು ಉರುಳಾಡುತ್ತವೆ. ಸಾರು ಚೆಲ್ಲುತ್ತದೆ, ಹುಲ್ಲು ನೆಲಕಚ್ಚುತ್ತದೆ. ಪಟ್ಟಲಮ್ಮ ಕಣ್ಣೊರೆಸಿಕೊಳ್ಳುತ್ತ ನಗುತ್ತಾರೆ. ಮರುದಿನದಿಂದ ಮತ್ತೆ ನೀರು, ಮತ್ತೆ ಪೊರಕೆ, ಅದಕ್ಕೆ ಬೇಸರವೇ ಇಲ್ಲ. ಆ ದಿನದ ಮಾತೆತ್ತಿದರೆ ಅವರು ಹೇಳುವುದು ವೈದ್ಯನಾಥಪುರದ ಕಡೆಯಿಂದ ಬಂದಿದ್ದ ಒಬ್ಬ ಹಣ್ಣು ಮುದುಕಿಯ ವಿಚಾರ.

"ಅಂಚಲ್ಲೇ ನಿಂತಿದ್ಲು. 'ಇಲ್ಲಿ ಕುಂತ್ಕಬೋದಾ ತಾಯಿ?' ಅಂದ್ಲು. 'ಮನಿಕ್ಕೊ ಕಣವ್ವ' ಅಂದೆ. ಒಂಗೆ ಮರದ್ ನೆಳ್ಳಲ್ಲಿ ಸೆರಗ ತಲೆಗಿಟ್ಕಂಡು ಮನಿಕ್ಕಂಡ್ಲು. ಸಂಜೆಗಂಟ ನಿದ್ದೆ. ಯಾರೂ ಎಬ್ಬಿಸ್ನಿಲ್ಲ ಕಣಪ್ಪ."