ಗೂಡಿನ ಒಂದು ಚಿಟಿಕೆ ಹೊಟ್ಟು

ಆ ಸಂಸ್ಥೆಯಲ್ಲಿ ಆಕೆಯನ್ನು ಎಲ್ಲರೂ ಇಲಿಯಕ್ಕ ಎಂದೇ ಕರೆಯುತ್ತಿದ್ದರು. ಗೇಟಿನ ಕಾವಲುಗಾರನಿಗೂ ಇಲಿಯಕ್ಕ, ನಿರ್ದೇಶಕರಿಗೂ ಇಲಿಯಕ್ಕ. ಮಿದುಳಿನ ಕಾಯಿಲೆಗಳ ಮೇಲೆ ಸಂಶೋಧನೆ ನಡೆಯುವ ಆ ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ ಇಲಿಮನೆ ಇತ್ತು, ಅಲ್ಲಿ ಆಕೆಯದು ಹತ್ತೊಂಬತ್ತು ವರ್ಷದ ನೌಕರಿ. ಪಂಜರ ತೊಳೆಯುವುದು, ಮರದ ಹೊಟ್ಟು ಹಾಸುವುದು, ನೀರಿನ ಬಾಟಲಿ ತುಂಬುವುದು, ಮರಿ ಹಾಕಿದ ದಿನ ಚೀಟಿಯ ಮೇಲೆ ಬರೆಯುವುದು. ಮೇಲಿನ ಮಹಡಿಯವರು ಡಾಕ್ಟರೇಟ್ ಪಡೆದು ಫೋಟೋ ತೆಗೆಸಿಕೊಳ್ಳುವಾಗ ಆಕೆ ದೂರ ನಿಂತು, ಇವರ ಪದವಿಯ ಅರ್ಧ ಭಾಗ ನನ್ನ ಪೊರಕೆಯದು ಎಂದುಕೊಳ್ಳುತ್ತಿದ್ದಳು. ಅದು ಜಂಬ ಇರಬಹುದು, ಸುಳ್ಳಂತೂ ಅಲ್ಲ.

ಆ ವರ್ಷ ಇಲಿಮನೆಗೆ ಬರತೊಡಗಿದ ಪಿಎಚ್‌ಡಿ ಹುಡುಗಿ ಗಾಳಿ ಬೀಸಿದರೆ ಹಾರಿಹೋಗುವಷ್ಟು ತೆಳ್ಳಗಿದ್ದಳು. ಇಲಿಯಕ್ಕ ಮೊದಲ ದಿನವೇ ಅವಳಿಗೆ ಕಡ್ಡಿ ಎಂದು ಹೆಸರಿಟ್ಟಳು. ಎಳವೆಯಲ್ಲಿ ಪಟ್ಟ ಸಂಕಟ ಮಿದುಳಿನಲ್ಲಿ ಎಷ್ಟು ಕಾಲ ಉಳಿಯುತ್ತದೆ, ದೊಡ್ಡವರಾದ ಮೇಲೆ ಔಷಧಿಯಿಂದ ಅದನ್ನು ಸರಿಪಡಿಸಬಹುದೇ ಎಂಬುದು ಕಡ್ಡಿಯ ಸಂಶೋಧನೆ. ಹುಟ್ಟಿದ ಮರಿಗಳನ್ನು ಎರಡು ವಾರ, ದಿನಕ್ಕೆ ಮೂರು ಗಂಟೆ, ತಾಯಿಯಿಂದ ಬಿಡಿಸಿ ಬೆಚ್ಚಗಿನ ಡಬ್ಬಿಯಲ್ಲಿ ಇಡಬೇಕು. ಹಾಗೆ ಬೆಳೆದ ಇಲಿ ಪುಕ್ಕಲಾಗುತ್ತದೆ, ಬಯಲಿಗೆ ಬಿಟ್ಟರೆ ಮೂಲೆ ಹಿಡಿದು ಕೂರುತ್ತದೆ. ಆಗ ಅವುಗಳಲ್ಲಿ ಅರ್ಧಕ್ಕೆ ಔಷಧಿ ಕೊಟ್ಟು, ಇನ್ನರ್ಧಕ್ಕೆ ಕೊಡದೆ ವ್ಯತ್ಯಾಸ ನೋಡಬೇಕು.

"ದೊಡ್ಡದಾದ ಮೇಲೆ ಕೊಟ್ರೂ ಭಯ ಹೋಗುತ್ತಾ?" ಇಲಿಯಕ್ಕ ಕೇಳಿದಳು.

"ಅದೇ ಅಲ್ವಾ ಅಕ್ಕ ನನ್ನ ಪ್ರಶ್ನೆ."

ಇಲಿಯಕ್ಕನ ಪ್ರಶ್ನೆಯೂ ಅದೇ ಎಂದು ಪಾಪ ಆ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಇಲಿಯಕ್ಕನಿಗೆ ಒಬ್ಬಳೇ ಮಗಳು. ಗಂಡ ತೀರಿಕೊಂಡ ವರ್ಷ ಈ ನೌಕರಿ ಸಿಕ್ಕಿತು. ಸಂಸ್ಥೆ ಕೊಟ್ಟ ಹಾಸ್ಟೆಲ್ ಕೋಣೆಯಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಐದು ವರ್ಷದ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದಳು. ಒಂದು ವರ್ಷದ ಮಾತು ಎಂದುಕೊಂಡಿದ್ದು ನಾಲ್ಕು ವರ್ಷ ಎಳೆಯಿತು. ಕೊನೆಗೆ ಬಾಡಿಗೆ ಮನೆ ಹಿಡಿದು ಮಗಳನ್ನು ಕರೆತಂದ ದಿನ, ಒಂಬತ್ತು ವರ್ಷದ ಆ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೀರು ಕುಡೀಲಾ?" ಎಂದು ಕೇಳಿದಳು. ಸ್ವಂತ ತಾಯಿಯ ಮನೆಯಲ್ಲಿ ನೀರಿಗೆ ಅಪ್ಪಣೆ. ಈಗ ಮಗಳಿಗೆ ಇಪ್ಪತ್ನಾಲ್ಕು, ಬೇರೆ ಊರಲ್ಲಿ ಕೆಲಸ. ಪ್ರತಿ ಭಾನುವಾರ ಹನ್ನೊಂದಕ್ಕೆ ತಪ್ಪದೆ ಫೋನ್ ಮಾಡುತ್ತಾಳೆ, ಆರೋಗ್ಯ ವಿಚಾರಿಸುತ್ತಾಳೆ, ಹತ್ತು ನಿಮಿಷಕ್ಕೆ ಇಡುತ್ತಾಳೆ. ಬೆರಳು ತೋರಿಸುವಂಥ ತಪ್ಪು ಒಂದೂ ಇಲ್ಲ. ಒಮ್ಮೆಯಾದರೂ ಮಗಳು ತನ್ನ ಮೇಲೆ ರೇಗಲಿ, ಹಟ ಮಾಡಲಿ, ಬಾಗಿಲು ಧಡಾರನೆ ಹಾಕಿಕೊಳ್ಳಲಿ ಎಂದು ಇಲಿಯಕ್ಕ ಹಂಬಲಿಸಿದ್ದಕ್ಕೆ ಲೆಕ್ಕವಿಲ್ಲ.

ಪ್ರಯೋಗ ಶುರುವಾಯಿತು. ಡಬ್ಬಿಗಳಿಗೆ ಹೊಸ ಹೊಟ್ಟು ಹಾಸಿ ಸಿದ್ಧ ಮಾಡುವುದು ಇಲಿಯಕ್ಕನ ಕೆಲಸ, ಮರಿಗಳನ್ನು ಎತ್ತಿಡುವುದು ಕಡ್ಡಿಯ ಕೆಲಸ. ಮೊದಲ ದಿನ ಮರಿಗಳು ಸದ್ದಿಲ್ಲದೆ ಮಲಗಿದ್ದವು. "ಪರವಾಗಿಲ್ಲ, ಒಳ್ಳೆ ಮಕ್ಕಳು," ಎಂದಳು ಇಲಿಯಕ್ಕ. ಕಡ್ಡಿ ಒಂದು ಮೈಕನ್ನು ಡಬ್ಬಿಯ ಮೇಲೆ ಇಳಿಬಿಟ್ಟು ಕಂಪ್ಯೂಟರ್ ತೋರಿಸಿದಳು. ಪರದೆಯ ತುಂಬ ಗೆರೆಗಳು ಜಿಗಿಯುತ್ತಿದ್ದವು.

"ಏನಮ್ಮ ಇದು?"

"ಅಳ್ತಾ ಇವೆ ಅಕ್ಕ. ನಮ್ಮ ಕಿವಿಗೆ ಕೇಳಲ್ಲ ಅಷ್ಟೆ. ತಾಯಿಗೆ ಕೇಳುತ್ತೆ."

ಇಲಿಯಕ್ಕ ಆ ನಿಶ್ಶಬ್ದ ಕೋಣೆಯಲ್ಲಿ ಗೆರೆಗಳನ್ನೇ ನೋಡುತ್ತ ನಿಂತಳು. ಹತ್ತೊಂಬತ್ತು ವರ್ಷ ಇದೇ ಕೋಣೆಯಲ್ಲಿದ್ದೂ ತನಗೆ ಏನೂ ಕೇಳಿಸಿರಲಿಲ್ಲ. ಮರುದಿನ ಬೆಳಿಗ್ಗೆ ಡಬ್ಬಿ ಸಿದ್ಧ ಮಾಡುವಾಗ ಆಕೆ ತಾಯಿಯಿಲಿಯ ಗೂಡಿನಿಂದ ಒಂದು ಚಿಟಿಕೆ ಹಳೆಯ ಹೊಟ್ಟು ತೆಗೆದು, ಹೊಸ ಹೊಟ್ಟಿನ ಅಡಿಯಲ್ಲಿ ಸೇರಿಸಿದಳು. ಅಮ್ಮ ಇಲ್ಲದಿದ್ದರೆ ಅವಳ ವಾಸನೆಯಾದರೂ ಇರಲಿ ಎಂದಷ್ಟೇ. ಒಂದು ಚಿಟಿಕೆಯಿಂದ ಯಾರ ಗಂಟೇನು ಹೋಗುತ್ತದೆ? ಹಾಗೆ ಹದಿಮೂರು ದಿನವೂ ಮಾಡಿದಳು. ಕಡ್ಡಿ ಆ ವಾರಗಳಲ್ಲಿ ಮತ್ತೆ ಮೈಕ್ ಇಳಿಬಿಡಲಿಲ್ಲ.

ಮರಿಗಳು ಬೆಳೆದವು. ಬಯಲಿನ ಪರೀಕ್ಷೆ ನಡೆದ ವಾರ ಕಡ್ಡಿಯ ಮುಖ ದಿನದಿನಕ್ಕೆ ಇಳಿಯುತ್ತ ಬಂತು. ತಾಯಿಯಿಂದ ಬೇರೆಯಾದ ಇಲಿಗಳು ಬೇರೆಯಾಗದ ಇಲಿಗಳಷ್ಟೇ ಆರಾಮವಾಗಿ ನಟ್ಟನಡುವೆ ಓಡಾಡಿಕೊಂಡಿದ್ದವು. ಕಾಯಿಲೆಯೇ ಇಲ್ಲದ ಮೇಲೆ ಔಷಧಿ ಏನನ್ನು ವಾಸಿ ಮಾಡಬೇಕು? ಅವಳಿಗೆ ಉಳಿದಿದ್ದುದು ಎಂಟು ತಿಂಗಳ ಅವಧಿ. ನಿನ್ನ ಕೈಗೆ ಈ ಕೆಲಸ ಒಗ್ಗುವುದಿಲ್ಲ, ವಿಷಯ ಬಿಟ್ಟುಬಿಡು ಎಂದು ಅವಳ ಮಾರ್ಗದರ್ಶಕ ಪ್ರೊಫೆಸರು ಹೇಳಿದರಂತೆ. ಕಡ್ಡಿ ಪಂಜರಗಳ ನಡುವೆ ಸ್ಟೂಲಿನ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದಳು.

"ಎಲ್ಲಿ ತಪ್ಪಿದೆ ಅಂತಾನೇ ತಿಳೀತಿಲ್ಲ ಅಕ್ಕ. ಬಿಟ್ಟು ಹೋಗ್ತೀನಿ. ನನಗೆ ಬುದ್ಧಿ ಇಲ್ಲ ಅಂತ ಕಾಣುತ್ತೆ."

ಎಲ್ಲಿ ತಪ್ಪಿದೆ ಎಂದು ಆ ಕಟ್ಟಡದಲ್ಲಿ ಗೊತ್ತಿದ್ದುದು ಇಲಿಯಕ್ಕನೊಬ್ಬಳಿಗೇ. ಬಾಯಿ ಬಿಟ್ಟರೆ ನೌಕರಿ ಹೋಗುತ್ತದೆ, ನಿವೃತ್ತಿಗೆ ಇನ್ನು ನಾಲ್ಕೇ ವರ್ಷ. ಬಿಡದಿದ್ದರೆ ಈ ಮಗು ತನ್ನನ್ನು ದಡ್ಡಿ ಎಂದುಕೊಂಡೇ ಜೀವನ ಕಳೆಯುತ್ತದೆ. ಎರಡು ದಿನ ಆಕೆ ಪಂಜರ ತೊಳೆಯುತ್ತಲೇ ತೂಗಿ ನೋಡಿದಳು. ಮೂರನೆಯ ದಿನ ಕೈಗವಸು ಬಿಚ್ಚಿ, "ನಿನ್ನ ತಪ್ಪಲ್ಲಮ್ಮ, ನಂದು," ಎಂದು ಶುರುಮಾಡಿ ಎಲ್ಲವನ್ನೂ ಹೇಳಿಬಿಟ್ಟಳು.

ಕಡ್ಡಿ ಕೂಗಾಡಲಿಲ್ಲ, ಅದೇ ಕಷ್ಟವಾಯಿತು. "ಯಾಕಕ್ಕ?" ಎಂದಳು ಅಷ್ಟೆ.

"ಅವು ಅಳೋದನ್ನ ನೀನೇ ತೋರಿಸಿದೆಯಲ್ಲಮ್ಮ."

ಪ್ರೊಫೆಸರ ಮುಂದೆ ಇಬ್ಬರೂ ನಿಂತರು. ಕೂಗಾಡುವ ಬಾಕಿಯನ್ನು ಅವರು ಅರ್ಧ ಗಂಟೆಯಲ್ಲಿ ತೀರಿಸಿದರು. ನಿಮ್ಮನ್ನು ಇವತ್ತೇ ಮನೆಗೆ ಕಳಿಸಬೇಕು ಎಂದರು. ಆಮೇಲೆ ಇದ್ದಕ್ಕಿದ್ದಂತೆ ಕನ್ನಡಕ ತೆಗೆದು, "ಒಂದು ಚಿಟಿಕೆ ಅಂದ್ರೆ ಎಷ್ಟು ಗ್ರಾಂ?" ಎಂದು ಕೇಳಿದರು.

ಅಂದು ಮಧ್ಯಾಹ್ನ ಇಲಿಯಕ್ಕನ ಹತ್ತು ಚಿಟಿಕೆಗಳನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಲಾಯಿತು. ಹತ್ತೊಂಬತ್ತು ವರ್ಷದಲ್ಲಿ ಆಕೆಯ ಕೈಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಪ್ರಯೋಗ ಮತ್ತೆ ಮೊದಲಿನಿಂದ ನಡೆಯಬೇಕೆಂದು ತೀರ್ಮಾನವಾಯಿತು. ಒಂದು ಗುಂಪು ತಾಯಿಯ ಜೊತೆಗೇ ಇರುವುದು. ಒಂದು ಗುಂಪಿಗೆ ತಾಯಿಯೂ ಇಲ್ಲ, ಚಿಟಿಕೆಯೂ ಇಲ್ಲ. ಮೂರನೆಯದಕ್ಕೆ ತಾಯಿಯಿಲ್ಲ, ಚಿಟಿಕೆ ಉಂಟು. ಡಬ್ಬಿ ಸಿದ್ಧ ಮಾಡುವವಳು ಇಲಿಯಕ್ಕನೇ.

"ನಿಮ್ಮನ್ನ ನಂಬಲಾ ಅಕ್ಕ?" ಕಡ್ಡಿ ಕೇಳಿದಳು. "ಇನ್ನೊಂದು ಸಲ ಮಾಡೋಕೆ ನನಗೆ ಟೈಮಿಲ್ಲ."

"ನಂಬು," ಎಂದಳು ಇಲಿಯಕ್ಕ. ಎರಡು ವಾರ ತನ್ನ ಕೈಗೆ ತಾನೇ ಕಾವಲು ಕೂತಳು. ಚಿಟಿಕೆಯಿಲ್ಲದ ಬರಿಯ ಡಬ್ಬಿಗಳ ಮರಿಗಳು ಒಂದರ ಮೇಲೊಂದು ಬಿದ್ದು, ಹೊಸ ಹೊಟ್ಟಿನಲ್ಲಿ ಮೂತಿಯಿಟ್ಟು ಇಲ್ಲದ್ದನ್ನು ಹುಡುಕುತ್ತಿದ್ದವು. ಮೂರು ಗಂಟೆಯೂ ಆಕೆ ಅಲ್ಲಿಂದ ಕದಲಲಿಲ್ಲ. ಯಾರೂ ಇರಬೇಕೆಂದು ಹೇಳಿರಲಿಲ್ಲ. ಕಣ್ಣೀರು ಬಂದಾಗ ಮುಖ ಅತ್ತ ತಿರುಗಿಸಿ ಒರೆಸಿಕೊಂಡಳು, ಡಬ್ಬಿಯೊಳಗೆ ಬಿದ್ದು ಅದೂ ಲೆಕ್ಕ ಕೆಡಿಸೀತು ಎಂಬ ಭಯ.

ನಾಲ್ಕು ತಿಂಗಳ ಮೇಲೆ ಫಲಿತಾಂಶ ಬಂತು. ಬರಿಯ ಡಬ್ಬಿಯಲ್ಲಿ ಬೆಳೆದವು ಮೂಲೆ ಹಿಡಿದವು. ಔಷಧಿ ಕೊಟ್ಟಾಗ ಸ್ವಲ್ಪ ಸುಧಾರಿಸಿದವು, ಪೂರ್ತಿಯಲ್ಲ. ಚಿಟಿಕೆ ಸಿಕ್ಕ ಇಲಿಗಳಿಗೆ ಔಷಧಿಯ ಅಗತ್ಯವೇ ಬೀಳಲಿಲ್ಲ. ಕಡ್ಡಿ ಮೆಟ್ಟಿಲು ಹಾರಿಕೊಂಡು ಕೆಳಗೆ ಬಂದು ಇಲಿಯಕ್ಕನ ಕೈ ಹಿಡಿದುಕೊಂಡಳು. ಇನ್ನು ಪದವಿ ಸಿಕ್ಕಂತೆಯೇ ಲೆಕ್ಕ ಎಂದು ಪ್ರೊಫೆಸರು ನಕ್ಕರಂತೆ.

"ಅಷ್ಟೇ ಸಾಕಾಗಿತ್ತಾ?" ಇಲಿಯಕ್ಕ ಕೇಳಿದಳು. "ಬರೀ ವಾಸನೆ?"

"ಅಷ್ಟೇ ಸಾಕಾಗಿತ್ತು ಅಕ್ಕ."

ಖುಷಿಯಲ್ಲಿದ್ದ ಹುಡುಗಿ ಆಕೆಯ ಮುಖ ನೋಡಲಿಲ್ಲ. ಇಲಿಯಕ್ಕ ಆ ದಿನ ಪಂಜರಗಳನ್ನು ಎರಡೆರಡು ಸಲ ತೊಳೆದಳು.

ಭಾನುವಾರ ಹನ್ನೊಂದಕ್ಕೆ ಫೋನ್ ಬಂತು. ಮಗಳು ಮಂಡಿನೋವು ಕೇಳಿದಳು, ಮಾತ್ರೆ ತಗೊಂಡ್ಯಾ ಎಂದಳು.

"ನಿನ್ನನ್ನ ಅಜ್ಜಿ ಹತ್ರ ಬಿಟ್ಟು ಬಂದ್ನಲ್ಲ," ಎಂದಳು ಇಲಿಯಕ್ಕ. "ಅದರ ಹಿಂದಿನ ದಿನ ನಿನ್ನ ಹಾಸಿಗೆ, ಹೊದಿಕೆ, ದಿಂಬಿನ ಚೀಲ ಎಲ್ಲ ಒಗೆದು ಹಾಕಿದ್ದೆ. ಕೊಳೆ ಬಿಟ್ಟು ಹೋದ್ಲು ಅಂತ ಅತ್ತೆ ಅನ್ನಬಾರದು ಅಂತ. ನಂದೊಂದು ಬಟ್ಟೆನೂ ಅಲ್ಲಿ ಬಿಡಲಿಲ್ಲ."

ಫೋನ್ ಕಟ್ಟಾಯಿತೇನೋ ಎಂದು ಇಲಿಯಕ್ಕ ಕಿವಿಯಿಂದ ತೆಗೆದು ನೋಡಿದಳು.

"ಗೊತ್ತಮ್ಮ," ಎಂದಳು ಮಗಳು. "ದಿಂಬಿನಲ್ಲಿ ಮುಖ ಇಟ್ಟು ಹುಡುಕಿದೆ. ಹಾಸಿಗೆ ಪೂರ್ತಿ ಹುಡುಕಿದೆ. ಬರೀ ಸೋಪಿನ ವಾಸನೆ ಬರ್ತಿತ್ತು."

ಆ ಕಡೆ ಮಗಳು ಅಳುತ್ತಿದ್ದಳು. ಒಂಬತ್ತು ವರ್ಷದವಳಾಗಿ ಬಂದಂದಿನಿಂದ ತಾಯಿಗೆ ಕೇಳುವಂತೆ ಅವಳು ಅತ್ತಿದ್ದು ಅದೇ ಮೊದಲು.