ಕಾಲು ತೆಗೆದವನು ನೀನಲ್ಲ

ರುದ್ರಪ್ಪ, ಅವತ್ತು ನೀನು ಪೆಡಲಿನಿಂದ ಕಾಲು ತೆಗೆಯಲಿಲ್ಲ. ನಾನು ನೋಡಿದೆ. ನೋಡಿಯೂ ನೀನು ತೆಗೆದೆ ಎಂದು ಹೇಳಿದೆ — ಮೊದಲು ನಿನಗೆ, ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ.

ನಾನು ನಿಂತಿದ್ದ ಜಾಗವನ್ನು ಸರಿಯಾಗಿ ಬರೆಯುತ್ತೇನೆ. ಸಾವಿರದ ಒಂಬೈನೂರ ನಲವತ್ತಾರನೆಯ ಇಸವಿ, ಪುಷ್ಯಮಾಸದ ಒಂದು ಭಾನುವಾರ, ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ. ದೊಡ್ಡ ಬಸವಣ್ಣನ ಗುಡಿಯ ಕಡೆಯಿಂದ ಇಳಿಯುವ ರಸ್ತೆ ಸಮತಟ್ಟಾಗುತ್ತದಲ್ಲ, ಅಲ್ಲಿ ಮೋರಿಯ ಕಟ್ಟೆಯ ಮೇಲೆ. ಕೈಯಲ್ಲಿ ನಮ್ಮ ತಂದೆಯ ಜೇಬುಗಡಿಯಾರ. ನೀನು ಎಷ್ಟು ಹೊತ್ತಿನಲ್ಲಿ ಇಳಿಯುತ್ತೀಯೆಂದು ನೋಡುವುದಕ್ಕೆ ನಿಂತಿದ್ದೆ. ಮಂಜಿತ್ತು, ಆದರೆ ತೆಳುವಾಗಿತ್ತು. ಐವತ್ತು ಗಜದಿಂದ ನಿನ್ನ ಕಾಲು ಚೆನ್ನಾಗಿ ಕಾಣುತ್ತಿತ್ತು. ಮಂಜಿನ ನೆಪ ನನಗಿಲ್ಲ.

ಆ ಸೈಕಲ್ಲು ನಿನ್ನದು, ಕೆಲಸ ನನ್ನದು. ದಂಡಿನಲ್ಲಿ ಯಾರೋ ಸೋಲ್ಜರ್ ಬಿಟ್ಟುಹೋದ ಹಳೆಯ ರೇಸಿನ ಸೈಕಲ್ಲು. ಗೇರು ಮುರಿದಿತ್ತು. ಯುದ್ಧ ಮುಗಿದಿದ್ದರೂ ಸೀಮೆಯ ಸಾಮಾನು ಇನ್ನೂ ಬರುತ್ತಿರಲಿಲ್ಲ. ಗೇರನ್ನೆಲ್ಲ ಕಿತ್ತು, ಚೈನು ಕೂರುವ ಒಂದೇ ಹಲ್ಲುಬಿಲ್ಲೆಯ ಫಿಕ್ಸೆಡ್ ಚಕ್ರ ಮಾಡಿಬಿಡೋಣ ಎಂದವನು ನಾನೇ. ನೀನು ಕೇಳಿರಲಿಲ್ಲ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಏಕೆಂದರೆ ಇದನ್ನು ಇತರರೂ ಓದಬೇಕು. ಎಲ್ಲ ಸೈಕಲ್ಲಿನಲ್ಲೂ ಕಾಲು ನಿಲ್ಲಿಸಿದರೆ ಚಕ್ರ ತನ್ನ ಪಾಡಿಗೆ ಉರುಳುತ್ತದೆ. ಫಿಕ್ಸೆಡ್‌ನಲ್ಲಿ ಹಾಗಲ್ಲ. ಚಕ್ರ ತಿರುಗುವವರೆಗೂ ಪೆಡಲು ತಿರುಗುತ್ತಲೇ ಇರುತ್ತದೆ. ನಿಲ್ಲಿಸಬೇಕಾದರೆ ಪೆಡಲನ್ನು ಹಿಂದಕ್ಕೆ ಅದುಮಬೇಕು. ಕಾಲೇ ಬ್ರೇಕು. ಹಾಗೆಂದು ನಾನು ಸವೆದಿದ್ದ ಎರಡು ಬ್ರೇಕುಗಳನ್ನೂ ಬಿಚ್ಚಿ ಡಬ್ಬಕ್ಕೆ ಹಾಕಿದೆ.

ಹಿಂದಕ್ಕೆ ಅದುಮಿದಾಗ ಬಿಲ್ಲೆ ಬಿಚ್ಚಿಕೊಳ್ಳದಿರಲು ಅದರ ಮೇಲೆ ಎಡ ತಿರುಪಿನ ರಿಂಗೊಂದು ಕೂರಬೇಕು. ಅದಕ್ಕೆ ಹಿಂಚಕ್ರದ ನಡುವಿನ ಹಬ್ಬಿನಲ್ಲೂ ಎಡ ತಿರುಪು ಕೊರೆದಿರಬೇಕು. ನಿನ್ನ ಹಬ್ಬಿನಲ್ಲಿ ಅದಿರಲಿಲ್ಲ. ನಾನು ಪೆಡಲಿನ ಅಚ್ಚಿನಿಂದ ಬಿಚ್ಚಿದ ಮಾಮೂಲಿ ಬಲ ತಿರುಪಿನ ರಿಂಗನ್ನು ಹಾಕಿ, ಉಳಿಯಿಟ್ಟು ಸುತ್ತಿಗೆಯಿಂದ ಬಿಗಿದೆ. ಬಿಲ್ಲೆ ಬಿಚ್ಚಿಕೊಳ್ಳುವ ದಿಕ್ಕೇ ಆ ರಿಂಗು ಬಿಚ್ಚಿಕೊಳ್ಳುವ ದಿಕ್ಕು ಕೂಡ. ಅದು ನನಗೆ ತಿಳಿದಿತ್ತು. ತಿಳಿಯದೆ ಮಾಡಿದೆ ಎಂದು ಬರೆಯಲು ಎಷ್ಟೋ ಸಲ ಕೂತಿದ್ದೇನೆ — ಆಗಲಿಲ್ಲ. ಬಸವನಗುಡಿಯಲ್ಲಿ ಮೊದಲ ಫಿಕ್ಸೆಡ್ ಚಕ್ರ ಮಾಡಿದವನು ನಂಜುಂಡ ಎನ್ನಿಸಿಕೊಳ್ಳಬೇಕಿತ್ತು, ಅಷ್ಟೇ.

ಆ ಭಾನುವಾರಕ್ಕೆ ಮುಂಚಿನ ಗುರುವಾರ ಸಂಜೆ ನೀನು ನನ್ನ ಸೈಕಲ್ ಅಂಗಡಿಗೆ ಬಂದೆ. ಸ್ಕೂಲು ಮುಗಿಸಿಕೊಂಡು ಬಂದಿದ್ದೆ, ಕೋಟಿನ ತೋಳಿನಲ್ಲಿ ಸೀಮೆಸುಣ್ಣವಿತ್ತು.

“ಲೋ ನಂಜುಂಡ, ಹಿಂದಕ್ಕೆ ಅದುಮಿದ್ರೆ ಟಕ್ ಅನ್ನುತ್ತಲ್ಲೋ. ಒಂದು ಚೂರು ಜಾರ್ದಂಗೆ.”

ಹೂವಿನ ಮುನಿಯಮ್ಮ ಅಲ್ಲೇ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. “ಏನ್ ಮೇಷ್ಟ್ರೇ, ಗಂಟೆ ಇಲ್ಲ, ಬಿರೇಕಿಲ್ಲ. ಇದ್ಕೆ ಸೈಕಲ್ಲು ಅಂತಾರಾ, ಲಗಾಮಿಲ್ಲದ ಕುದುರೆ ಅಂತಾರಾ?” ಎಂದು ನಕ್ಕಳು.

ನೀನೂ ನಕ್ಕೆ. ನಾನು ನಗಲಿಲ್ಲ. ಆ ಶಬ್ದ ಏನೆಂದು ನನಗೆ ಕೇಳಿದ ಕೂಡಲೇ ಹೊಳೆದಿತ್ತು. ಚಕ್ರ ಬಿಚ್ಚಿ ನೋಡಬಹುದಿತ್ತು, ಅರ್ಧ ಗಂಟೆಯ ಕೆಲಸ. ಬಿಚ್ಚಿದ್ದರೆ ‘ಇದು ಆಗೋದಿಲ್ಲ ಕಣೋ’ ಎಂದು ನಿನ್ನ ಮುಂದೆ, ಅವಳ ಮುಂದೆ, ಒಪ್ಪಿಕೊಳ್ಳಬೇಕಾಗುತ್ತಿತ್ತು.

“ಹೊಸದಲ್ವಾ, ಕೂತ್ಕೊಳುತ್ತೆ ಬಿಡು” ಎಂದೆ.

ಭಾನುವಾರ ನೀನು ಇಳಿಯುತ್ತ ಬಂದೆ. ಮುನಿಯಮ್ಮ ಬುಟ್ಟಿ ಹೊತ್ತು ಬಲಗಡೆಯಿಂದ ರಸ್ತೆ ದಾಟುತ್ತಿದ್ದಳು. ನೀನು ಅವಳನ್ನು ದೂರದಿಂದಲೇ ನೋಡಿ ಹಿಂದಕ್ಕೆ ಅದುಮಿದೆ — ಮೈಯೆಲ್ಲ ಹಿಂದಕ್ಕೆ ವಾಲಿದ್ದು ಕಂಡೆ. ಒಂದು ಕ್ಷಣ ಚಕ್ರ ತಡೆಯಿತು. ಆಮೇಲೆ ನಿನ್ನ ಕಾಲು ಹಿಂದುಮುಂದಾಗಿ ತಿರುಗತೊಡಗಿತು. ಚಕ್ರ ಮುಂದಕ್ಕೆ, ಪೆಡಲು ಹಿಂದಕ್ಕೆ. ಎರಡು ಪಾದವೂ ಪೆಡಲಿನ ಮೇಲೇ ಇದ್ದವು, ರುದ್ರಪ್ಪ. ಕೊನೆಯವರೆಗೂ ಇದ್ದವು. ನೀನು ಹ್ಯಾಂಡಲ್ ಎಡಕ್ಕೆ ಎಳೆದೆ; ಅವಳೂ ಗಾಬರಿಯಲ್ಲಿ ಅದೇ ಕಡೆಗೆ ಓಡಿದಳು.

ಜನ ಅವಳ ಸುತ್ತ ಸೇರಿದರು. ನೀನು ಮೊಣಕಾಲಿನಲ್ಲಿ ರಕ್ತ ಸುರಿಯುತ್ತಿದ್ದರೂ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಾನು ಎಲ್ಲಿದ್ದೆ? ಸೈಕಲ್ಲನ್ನು ಎತ್ತಿ ಮೂಲೆಮನೆಯ ಕಾಂಪೌಂಡಿಗೆ ಒರಗಿಸಿದ್ದೆ. ಬಿಲ್ಲೆ ತಿರುಪು ಬಿಟ್ಟು ಹೊರಗೆ ಬಂದಿತ್ತು. ಅದನ್ನು ಬೆರಳಿನಿಂದ ಹಬ್ಬಿಗೆ ಒತ್ತಿ ಹಿಡಿದು, ಪೆಡಲನ್ನು ಕೈಯಿಂದ ಮುಂದಕ್ಕೆ ತಿರುಗಿಸಿದೆ. ಅದು ತಾನಾಗಿಯೇ ಹತ್ತಿಕೊಂಡಿತು. ರಿಂಗನ್ನೂ ಕೂರಿಸಿದೆ. ಒಂದು ನಿಮಿಷ ಹಿಡಿದಿರಬಹುದು, ಹೆಚ್ಚಿಲ್ಲ. ಅಷ್ಟು ಹೊತ್ತೂ ಮುನಿಯಮ್ಮ ನೀರು ಕೇಳುತ್ತಿದ್ದಳು; ನನಗೆ ಕೇಳಿಸುತ್ತಿತ್ತು.

ಮೂರನೆಯ ದಿನ ಆಸ್ಪತ್ರೆಯಲ್ಲಿ ಅವಳು ತೀರಿಹೋದಳು. ಅವತ್ತು ಹೊರಗೆ ಹೊಂಗೆಮರದ ಕೆಳಗೆ ನೀನು ನನ್ನ ಕೈ ಹಿಡಿದುಕೊಂಡೆ.

“ನೀನು ಕೆಳಗೆ ನಿಂತಿದ್ದೆ. ನಿಜ ಹೇಳು. ನನ್ ಕಾಲು ಪೆಡಲ್ ಮೇಲೇ ಇತ್ತು ಅಂತ ನಂಗೆ ಅನ್ಸುತ್ತೆ. ಪೊಲೀಸಿನವರು ಸೈಕಲ್ ಸರಿಯಾಗೇ ಇದೆ ಅಂತಾರೆ. ನಾನು ಕಾಲು ತೆಗೆದ್ನಾ?”

“ತೆಗೆದೆ ಕಣೋ. ಹೆದ್ರಿಬಿಟ್ಟೆ.”

ನೀನು ನನ್ನ ಕೈ ಬಿಟ್ಟೆ. “ಹಾಗಿದ್ರೆ ಸರಿ” ಎಂದೆ. ನಿನ್ನ ಕಾಲಿಗಿಂತ ನನ್ನ ಮಾತನ್ನು ನಂಬಿದೆ.

ಕೋರ್ಟಿನಲ್ಲಿ ನೀನೇ ಹೇಳಿದೆ, ಹೆದರಿ ಕಾಲು ತೆಗೆದೆನೆಂದು. ನೀನು ಕಾಲು ತೆಗೆದದ್ದನ್ನು ಕಂಡೆನೆಂದೂ ಸೈಕಲ್ಲಿನಲ್ಲಿ ದೋಷವಿರಲಿಲ್ಲವೆಂದೂ ನಾನು ಪ್ರಮಾಣ ಮಾಡಿದೆ. ನಿನಗೆ ಆರು ತಿಂಗಳು ಜೈಲಾಯಿತು. ಮೇಷ್ಟರ ಕೆಲಸ ಹೋಯಿತು. ಬಿಟ್ಟು ಬಂದ ಮೇಲೆ ಚಿಕ್ಕಪೇಟೆಯಲ್ಲಿ ನಿಮ್ಮ ದೊಡ್ಡಪ್ಪನ ಬಟ್ಟೆ ಅಂಗಡಿಗೆ ಸೇರಿದೆ. ಹದಿಮೂರು ವರ್ಷದಿಂದ ಅಲ್ಲಿಗೆ ನಡೆದೇ ಹೋಗುತ್ತೀಯ. ಮುನಿಯಮ್ಮನ ಮಗ ನಿನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾನೆ. ನನ್ನ ಅಂಗಡಿಗೆ ಬಂದು ಸೈಕಲ್ಲಿಗೆ ಗಾಳಿ ಹಾಕಿಸಿಕೊಂಡು, “ಬರ್ತೀನಣ್ಣ” ಎಂದು ಹೇಳಿ ಹೋಗುತ್ತಾನೆ.

ಇಷ್ಟಾದರೂ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ — ಬಿಡುತ್ತಿರಲಿಲ್ಲ ಎಂದೇ ಕಾಣುತ್ತದೆ. ಹೋದ ಸೋಮವಾರ ನಿನ್ನ ಮಗಳು ಗಿರಿಜೆ ಅಂಗಡಿಯ ಮುಂದೆ ಬಂದು ನಿಂತಳು. ಅವಳ ಗೆಳತಿಯರೆಲ್ಲ ಸೈಕಲ್ ಕಲಿತಿದ್ದಾರಂತೆ. ನೀನೂ ಕಲಿಯಮ್ಮ, ಅಪ್ಪನನ್ನು ಕೇಳು ಎಂದೆ.

“ಕೇಳ್ದೆ ಮಾವ. ಬೇಡ ಅಂದ್ರು. ನಮ್ಮನೇಲಿ ಯಾರ ಕಾಲೂ ನಂಬೋ ಹಾಗಿಲ್ವಂತೆ.”

ಮುಖದಲ್ಲಿ ಬೇಸರವೂ ಇರಲಿಲ್ಲ. ತಿಳಿದ ಸಂಗತಿಯೊಂದನ್ನು ಹೇಳುವ ಹಾಗೆ ಹೇಳಿದಳು. ಆಮೇಲೆ ನನ್ನ ಕೈಗೆ ಯಾವ ಕೆಲಸವೂ ಹತ್ತಲಿಲ್ಲ.

ಕ್ಷಮಿಸು ಎಂದು ಬರೆಯುವುದಿಲ್ಲ. ಇದರದೊಂದು ಪ್ರತಿಯನ್ನು ಪೊಲೀಸ್ ಠಾಣೆಗೆ ನಾನೇ ಕೊಂಡೊಯ್ಯುತ್ತೇನೆ. ಮುನಿಯಮ್ಮನ ಮಗನಿಗೆ ಓದು ಬರುವುದಿಲ್ಲ. ಅವನ ಮನೆಗೆ ಹೋಗಿ ಬಾಯಲ್ಲೇ ಹೇಳುತ್ತೇನೆ. ಅವನು ಏನು ಮಾಡಿದರೂ ಸರಿ.

ಒಂದು ಸಲ ಸುಳ್ಳು ಪ್ರಮಾಣ ಮಾಡಿದವನ ಮಾತನ್ನು ಯಾರೂ ಒಪ್ಪಬೇಕಾಗಿಲ್ಲ, ನೀನೂ ಒಪ್ಪಬೇಡ. ಆ ಮೂಲೆಮನೆಯಲ್ಲಿ ಪೋಸ್ಟಾಫೀಸಿನಿಂದ ನಿವೃತ್ತರಾದ ಶ್ರೀನಿವಾಸರಾಯರು ಅವತ್ತು ಪೂಜೆಗೆ ದಾಸವಾಳ ಬಿಡಿಸುತ್ತಿದ್ದರು. ಕಾಂಪೌಂಡಿನ ಆಚೆ, ನನ್ನಿಂದ ಮೂರು ಮೊಳ ದೂರದಲ್ಲಿ. ನಾನು ಪೆಡಲು ತಿರುಗಿಸುವುದನ್ನು ನೋಡಿ, “ಅದನ್ಯಾಕಪ್ಪ ಈಗ ರಿಪೇರಿ ಮಾಡ್ತಿದೀಯ, ಆ ಹೆಂಗಸನ್ನ ನೋಡು” ಎಂದರು. ಅವರನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ. ಅವರು ಈಗ ಚಾಮರಾಜಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿವಿ ಮಂದವಾಗಿದೆ, ಸ್ವಲ್ಪ ಗಟ್ಟಿಯಾಗಿ ಕೇಳಬೇಕು. ನೆನಪು ಚೆನ್ನಾಗಿದೆ.