ಕಂಚಕ್ಕನ ಗಂಟಲು

ಕಂಚಕ್ಕನ ಮುತ್ತಜ್ಜ ಹೊಳೆ ದಾಟಿಸುವ ದೋಣಿಯವನು. ಮಂಜು ಕವಿದು ಆಚೆ ದಡ ಕಾಣದ ಒಂದು ಬೆಳಗ್ಗೆ, ದಿಕ್ಕು ತಪ್ಪಿದ ದೋಣಿಗಳನ್ನು ಬರೀ ಕೂಗಿ ಕೂಗಿಯೇ ದಡಕ್ಕೆ ಎಳೆದು ತಂದವನಂತೆ. ಅವನ ಮಗ ಸಂತೆಯಲ್ಲಿ ದನಗಳ ಹರಾಜು ಕೂಗುತ್ತಿದ್ದ. ಅವನು ಬಾಯಿ ತೆರೆದರೆ ಕೊಳ್ಳುವ ಮನಸ್ಸಿಲ್ಲದವನೂ ಕೈ ಎತ್ತಿಬಿಡುತ್ತಿದ್ದ. ಅಪ್ಪ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗಿಯೇ ಮನೆ ತುಂಬ ಇದ್ದ ಮಕ್ಕಳ ಹೊಟ್ಟೆ ಹೊರೆದ. ಅವನ ಕೂಗಿಗೆ ನಿದ್ದೆಯಿಂದ ಧಡಕ್ಕನೆ ಎದ್ದ ಪ್ರಯಾಣಿಕರು ತಮ್ಮದಲ್ಲದ ಬಸ್ಸು ಹತ್ತಿ ಹೋದದ್ದೂ ಉಂಟು. ಆ ಮನೆತನದವರು ಮಕ್ಕಳಿಗೆ ಗೇಣು ನೆಲ ಬಿಟ್ಟು ಹೋಗಲಿಲ್ಲ, ಗಂಟಲು ಬಿಟ್ಟು ಹೋದರು. ಅಣ್ಣಂದಿರಲ್ಲಿ ಒಬ್ಬರಿಗೂ ದಕ್ಕದ ಆ ಗಂಟಲು ಕಡೆಯ ಕೂಸಾದ ಹೆಣ್ಣಿಗೆ ಬಂತು.

ಆ ಹೆಣ್ಣು ಬೆಳೆದು, ಗಂಡನನ್ನು ಕಳೆದುಕೊಂಡು, ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿತು. ಬಸುರಿಯರ ತಪಾಸಣೆಯ ದಿನ ಡಾಕ್ಟರಮ್ಮನ ಕೋಣೆಯ ಬಾಗಿಲಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು ಹೆಸರು ಕೂಗುವುದು ಅವಳ ಕೆಲಸ. ಹಾಲ್ ಎಂದರೆ ಸಣ್ಣ ಹಾಲೇ? ತಗಡಿನ ಸೂರು, ಕಟಕಟ ಎನ್ನುವ ಫ್ಯಾನುಗಳು, ಅಳುವ ಕೂಸುಗಳು, ಸಾಲು ಸಾಲು ಬೆಂಚು. ಅಷ್ಟನ್ನೂ ಸೀಳಿಕೊಂಡು ಅವಳ ದನಿ ಹೊರಗಿನ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದವಳಿಗೂ ಮುಟ್ಟುತ್ತಿತ್ತು. ಕಂಚಿನ ಗಂಟಲು, ಕಂಚಿನ ಗಂಟಲು ಎಂದು ಜನ ಹೊಗಳಿ ಹೊಗಳಿ ಅವಳು ಕಂಚಕ್ಕ ಆದಳು.

"ಮೈಕು ಕೆಟ್ಟರೆ ರಿಪೇರಿಯವನಿಗೆ ಕಾಯಬೇಕು. ನಮ್ಮ ಕಂಚಕ್ಕನಿಗೆ ಒಂದು ಲೋಟ ಟೀ ಸಾಕು" ಎಂದು ಡಾಕ್ಟರಮ್ಮ ನಗುತ್ತಿದ್ದರು. ಅದನ್ನು ಕೇಳಿದ ದಿನ ಕಂಚಕ್ಕನ ಕುತ್ತಿಗೆ ಇನ್ನಷ್ಟು ಉದ್ದವಾಗುತ್ತಿತ್ತು.

ಬರೀ ಹೆಸರು ಕೂಗಿದರೆ ಅವಳಿಗೆ ತೃಪ್ತಿಯಿಲ್ಲ. "ಏಯ್ ನಾಲ್ಕನೇ ಹೆರಿಗೆಯವಳೇ, ನಿನಗೂ ದಾರಿ ತೋರಿಸಬೇಕಾ? ಕಣ್ಣು ಮುಚ್ಚಿಕೊಂಡು ಬಾ!" ಎಂದರೆ ಹಾಲಿಗೆ ಹಾಲೇ ಘೊಳ್ಳೆನ್ನುತ್ತಿತ್ತು. ಒಂದೇ ಹೆಸರಿನವರು ಇಬ್ಬರಿದ್ದರೆ ವಯಸ್ಸು ಹೇಳಿ, ಗಂಡನ ಹೆಸರು ಹೇಳಿ ಬಿಡಿಸುತ್ತಿದ್ದಳು. ಹೊಟ್ಟೆ ಹೊತ್ತು ಬಂದವರು ನಕ್ಕರೆ ಒಳ್ಳೆಯದೇ ಅಲ್ಲವೇ ಎಂಬುದು ಅವಳ ಲೆಕ್ಕ.

ಆ ಹುಡುಗಿ ಬಂದ ದಿನವೂ ಹಾಗೇ ಆಯಿತು.

ಹುಡುಗಿ ಕಡೆಯ ಬೆಂಚಿನಲ್ಲಿ, ಬಾಗಿಲಿಗೆ ಅಂಟಿಕೊಂಡು ಕೂತಿತ್ತು. ಜೊತೆಗೆ ಯಾರೂ ಇಲ್ಲ. ಯಾರದ್ದೋ ದೊಡ್ಡ ಶಾಲು ಹೊದ್ದಿತ್ತು. ಕೂದಲಲ್ಲಿ ರಟ್ಟಿನ ಚೂರು, ಉಗುರಿನ ಸಂದಿಯಲ್ಲಿ ಒಣಗಿದ ಗೋಂದು. ತೂಕ ನೋಡಿ, ಬಿಪಿ ನೋಡಿದ ಸಿಸ್ಟರ್ ಕಂಚಕ್ಕನ ಕಿವಿಯ ಹತ್ತಿರ ಬಂದು, "ಅಕ್ಕಾ, ಆ ಮೂಲೆಯ ಹುಡುಗೀನ ಮೊದಲು ಕರೀರಿ. ಕಾಲು ಊದಿದೆ, ಬಿಪಿ ಜಾಸ್ತಿ ಇದೆ. ಈಗಲೇ ತೋರಿಸಬೇಕು" ಎಂದು ಚೀಟಿ ಕೊಟ್ಟಳು.

ಕಂಚಕ್ಕ ಹೆಸರು ಕೂಗಿದಳು. ಮುಂದಿನ ಬೆಂಚಿನಿಂದ ದಪ್ಪನೆಯ ಹೆಂಗಸೊಬ್ಬಳು ಎದ್ದು ನಿಂತಳು. ಅವಳದ್ದೂ ಅದೇ ಹೆಸರು.

"ನೀನಲ್ಲ ಕಣಮ್ಮಾ, ಕೂತ್ಕೋ! ಇದು ಹದಿನಾರು ವರ್ಷದ್ದು! ಗಂಡನ ಹೆಸರು ಬರೆಸಿಲ್ಲ ನೋಡು, ಅದು! ಯಾರಮ್ಮಾ? ಬಾ ಬೇಗ, ಡಾಕ್ಟರಮ್ಮ ಕಾಯ್ತಿದಾರೆ!"

ಈ ಸಲ ಯಾರೂ ನಗಲಿಲ್ಲ. ಸಾಲು ಸಾಲಾಗಿ ಕುತ್ತಿಗೆಗಳು ಹಿಂದಕ್ಕೆ ತಿರುಗಿದವು. ಹುಡುಗಿ ಎದ್ದಿತು. ಒಳಗೆ ಬರುತ್ತಿದೆ ಎಂದುಕೊಂಡು ಕಂಚಕ್ಕ ಪರದೆ ಸರಿಸಿ ಹಿಡಿದಳು. ಹುಡುಗಿ ಶಾಲು ಮುಖಕ್ಕೆ ಎಳೆದುಕೊಂಡು ಹೊರಬಾಗಿಲ ಕಡೆ ತಿರುಗಿ, ಕಾಲಿಗೆ ಬುದ್ಧಿ ಹೇಳಿತು.

ಡಾಕ್ಟರಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಕಂಚಕ್ಕ ಎದುರು ಮಾತಾಡಿ ಹಗುರಾಗುತ್ತಿದ್ದಳೇನೋ. ಅವರು ಹೇಳಿದ್ದಿಷ್ಟೇ: "ಈ ಬಿಪಿ ಹಾಗೇ ಬಿಟ್ಟರೆ ಫಿಟ್ಸ್ ಬರುತ್ತೆ ಅಕ್ಕಾ. ಆಮೇಲೆ ಬಂದ್ರೆ ನನ್ನ ಕೈಲಿ ಏನೂ ಇರಲ್ಲ. ಹೇಗಾದ್ರೂ ಮಾಡಿ ವಾಪಸ್ ಕರ್ಕೊಂಡು ಬಾ."

ಚೀಟಿಯಲ್ಲಿ ವಿಳಾಸ ಇರಲಿಲ್ಲ, ಕೂದಲಲ್ಲಿದ್ದ ರಟ್ಟಿನ ಚೂರೇ ಗುರುತು. ಮಿಠಾಯಿ ಡಬ್ಬ, ಚಪ್ಪಲಿ ಡಬ್ಬ ಮಾಡುವ ಜಾಗಗಳನ್ನೆಲ್ಲ ಕಂಚಕ್ಕ ಕೆಲಸ ಬಿಟ್ಟ ಮೇಲೆ ಒಂದೊಂದಾಗಿ ಸುತ್ತಿದಳು. ಹುಡುಗಿ ಒಂದು ಹಳೆಯ ಗೋದಾಮಿನಲ್ಲಿ ಸಿಕ್ಕಿತು. ನೆಲದ ಮೇಲೆ ಕಾಲು ಚಾಚಿ ಕೂತು ಡಬ್ಬದ ಮೂಲೆಗಳಿಗೆ ಗೋಂದು ಹಚ್ಚುತ್ತಿತ್ತು. ಪಾದ ಬನ್ನಿನ ಹಾಗೆ ಉಬ್ಬಿತ್ತು.

"ಇಲ್ಲಿಗೂ ಕೂಗೋಕೆ ಬಂದ್ರಾ?" ಎಂದಿತು, ತಲೆ ಎತ್ತದೆ.

"ಇಲ್ಲ ಮಗಳೇ. ತಪ್ಪಾಯ್ತು ಅನ್ನೋಕೆ ಬಂದೆ."

"ಮುಂದಿನ ಬೆಂಚಲ್ಲಿ ನಮ್ಮ ಬೀದಿ ಗಿರಣಿಯವಳು ಕೂತಿದ್ಲು. ನಾನು ಮನೆ ಮುಟ್ಟೋದಕ್ಕೆ ಮುಂಚೆ ಸುದ್ದಿ ಮನೆ ಮುಟ್ಟಿತ್ತು. ಅಣ್ಣ ಬಟ್ಟೆ ಬೀದಿಗೆ ಎಸೆದ. ಅಮ್ಮ ಬಾಗಿಲ ಸಂದೀಲಿ ನಿಂತು ನೋಡಿದ್ಲು, ಅಷ್ಟೇ. ಈಗ ಈ ಡಬ್ಬಗಳ ಮಧ್ಯೆನೇ ಮಲಗ್ತೀನಿ."

ಗಂಡಸು ಯಾರು ಎಂದು ಕಂಚಕ್ಕ ಕೇಳಲಿಲ್ಲ, ಹುಡುಗಿ ಹೇಳಲೂ ಇಲ್ಲ. ಪಕ್ಕದಲ್ಲಿ ಕೂತು, ತಾನೂ ಒಂದಷ್ಟು ಡಬ್ಬ ಮಡಿಸಿದಳು. ಮರುದಿನ ಬಾಳೆಹಣ್ಣು ತಂದಳು. ಅದರ ಮರುದಿನ ತನ್ನ ದಪ್ಪ ಕಂಬಳಿ ತಂದಳು. ದಿನಾ ಒಂದೇ ಮಾತು: "ಬಾ ಮಗಳೇ, ಒಂದು ಸಲ ತೋರಿಸ್ಕೋ."

"ನೀವು ಡಬ್ಬ ಮಡಿಸೋದು ನೋಡಿದ್ರೆ ಮಾಲೀಕ ನನ್ನ ಕೂಲೀಲಿ ಹಿಡ್ಕೋತಾನೆ" ಎಂದು ಒಂದು ದಿನ ಹುಡುಗಿ ನಕ್ಕಿತು. ನಕ್ಕರೆ ಹಲ್ಲಿನ ಮೇಲೊಂದು ಹಲ್ಲು. ಇನ್ನೂ ಕೂಸಿನ ಮುಖ. "ಹಾಲಿಗೆ ಬರಲ್ಲ. ಹಿಂದಿನ ಬಾಗಿಲಿಂದ ಆದ್ರೆ ಬರ್ತೀನಿ. ಆದ್ರೆ ನೀವು ಬಾಯಿ ತೆರೀಬಾರದು, ಆಯ್ತಾ?"

"ಹೊಲಿಗೆ ಹಾಕ್ಕೊಂಡು ನಿಂತಿರ್ತೀನಿ."

ಗೊತ್ತು ಮಾಡಿಕೊಂಡದ್ದು ಗುರುವಾರ, ಊಟದ ಹೊತ್ತು. ಹಾಲ್ ಖಾಲಿಯಾಗಿರುತ್ತದೆ. ಡಾಕ್ಟರಮ್ಮನೂ ಊಟಕ್ಕೆ ಹೋಗದೆ ಕಾದರು. ಕೊಳೆ ಬಟ್ಟೆಯ ಮೂಟೆಗಳನ್ನು ಸಾಗಿಸುವ ಹಿಂಬಾಗಿಲಲ್ಲಿ ಕಂಚಕ್ಕ ನಿಂತಳು. ಬಾಯಿ ಮುಚ್ಚಿರಬೇಕು ಎಂಬ ನೆನಪಿಗೆ ಹಲ್ಲಿನ ನಡುವೆ ಒಂದು ಲವಂಗ ಕಚ್ಚಿಕೊಂಡಿದ್ದಳು. ಬಟ್ಟೆ ಒಗೆಯುವವರು, ಗಾಡಿ ಡ್ರೈವರುಗಳು ನೆರಳಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಹೊತ್ತು ಸರಿಯಿತು. ಬರುವುದಿಲ್ಲ ಎಂದುಕೊಂಡಳು.

ಬಂತು. ಗೋಡೆಗೆ ಕೈ ಕೊಟ್ಟುಕೊಂಡು, ನಿಂತು ನಿಂತು, ಕಂಚಕ್ಕನ ಕಂಬಳಿಯನ್ನೇ ಹೊದ್ದು ಓಣಿಯ ತಿರುವಿನಲ್ಲಿ ಕಾಣಿಸಿಕೊಂಡಿತು. ಅಲ್ಲಿ ಒಂದೇ ಥರದ ಎರಡು ಬಾಗಿಲು. ಯಾವುದೆಂದು ತಿಳಿಯದೆ ಅತ್ತ ಇತ್ತ ನೋಡಿತು. ಕಂಚಕ್ಕನ ಎದೆಯಲ್ಲಿ ಏನು ಉಕ್ಕಿತೋ. ಲವಂಗ ಎಲ್ಲಿ ಬಿತ್ತೋ. ಮಂಜಿನಲ್ಲಿ ದೋಣಿ ಕಂಡ ಮುತ್ತಜ್ಜನೇ ಒಳಗಿಂದ ಎದ್ದು ಬಂದಂತೆ,

"ಇಲ್ಲೀ! ಇಲ್ಲಿ ಮಗಳೇ! ಬಾ!"

ಓಣಿಗೆ ಓಣಿಯೇ ಗಕ್ಕನೆ ನಿಂತಿತು. ಬುತ್ತಿಯಲ್ಲಿದ್ದ ಕೈಗಳು ಅಲ್ಲೇ ನಿಂತವು. ಮೇಲಿನ ವಾರ್ಡಿನ ಕಿಟಕಿಗಳಲ್ಲಿ ತಲೆಗಳು ಕಂಡವು. ಎಲ್ಲರ ಕಣ್ಣೂ ಆ ಹೊಟ್ಟೆಯ ಮೇಲೆ.

ಹುಡುಗಿ ಕಂಚಕ್ಕನನ್ನು ನೋಡಿತು. ಸಿಟ್ಟಿನಿಂದಲ್ಲ. ಹೀಗೇ ಆಗುತ್ತದೆ ಎಂದು ಮೊದಲೇ ಗೊತ್ತಿದ್ದವರು ನೋಡುವ ಹಾಗೆ. ಆಮೇಲೆ ಬೆನ್ನು ತಿರುಗಿಸಿತು. ಕಂಚಕ್ಕ ಓಡಿದಳು, ಎರಡನೇ ಮೆಟ್ಟಿಲಿನಲ್ಲಿ ಸೀರೆ ಕಾಲಿಗೆ ಸಿಕ್ಕಿ ಮಂಡಿಯೂರಿ ಬಿದ್ದಳು. ಎದ್ದು ನಿಲ್ಲುವಷ್ಟರಲ್ಲಿ ಓಣಿ ಬರಿದಾಗಿತ್ತು.

ಊದಿದ ಮಂಡಿಗೆ ಬಟ್ಟೆ ಬಿಗಿದುಕೊಂಡು ಗೋದಾಮಿಗೆ ಹೋದರೆ ಮಾಲೀಕ, "ಅವಳು ಕೆಲಸ ಬಿಟ್ಟಳು, ಎಲ್ಲಿಗೆ ಹೋದಳೋ ಗೊತ್ತಿಲ್ಲ" ಎಂದ. ಕಂಬಳಿ ಮಾತ್ರ ಮಡಿಸಿ ಡಬ್ಬಗಳ ಮೇಲೆ ಇಟ್ಟಿತ್ತು. ಕಂಡ ಕಂಡ ಕಡೆ ಹುಡುಕಿದಳು. ಡಬ್ಬ ಮಾಡುವ ಹೆಂಗಸರನ್ನು ಕೇಳಿದಳು, ಗಿರಣಿಯವಳನ್ನೂ ಕೇಳಿದಳು. ಸಿಗಲಿಲ್ಲ.

ಮುಂದಿನ ತಿಂಗಳು ಹುಡುಗಿ ತಾನೇ ಬಂತು, ಸಾಮಾನು ಸಾಗಿಸುವ ಗಾಡಿಯಲ್ಲಿ ಮಲಗಿ. ಹಲ್ಲು ಕಚ್ಚಿಕೊಂಡಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಕೈಕಾಲು ಸೆಟೆದು ಸೆಟೆದು ಬೀಳುತ್ತಿತ್ತು. ಡಾಕ್ಟರಮ್ಮ ಕೈಲಾದದ್ದೆಲ್ಲ ಮಾಡಿದರು. ಅಂಗೈಯಷ್ಟು ಕೂಸನ್ನು ಉಳಿಸಿಕೊಂಡರು. ಹಡೆದವಳು ಉಳಿಯಲಿಲ್ಲ.

"ಅವಳ ಕಡೆಯವರನ್ನ ಕರಿ ಅಕ್ಕಾ" ಎಂದರು, ಗೋಡೆಗೆ ಮುಖ ಮಾಡಿ.

ಕಂಚಕ್ಕ ಬಾಗಿಲಿಗೆ ಬಂದಳು. ಉದ್ದನೆಯ ಪಡಸಾಲೆ, ಅದರ ತುದಿಯ ಬೆಂಚಿನಲ್ಲಿ ಒಬ್ಬ ಹೆಂಗಸು ಸೆರಗಿನ ತುದಿ ಹಿಂಡುತ್ತಾ ಕೂತಿದ್ದಳು. ಯಾರೋ ಸುದ್ದಿ ಮುಟ್ಟಿಸಿದ್ದಕ್ಕೆ ಓಡಿ ಬಂದ ತಾಯಿ. ಕಂಚಕ್ಕ ಬಾಯಿ ತೆರೆದಳು, ಮುಚ್ಚಿದಳು. ಕುಂಟುತ್ತಾ ಅಷ್ಟು ದೂರ ನಡೆದು, ಬಗ್ಗಿ, ತಾಯಿಯ ಹೆಗಲ ಮೇಲೆ ಕೈ ಇಟ್ಟು ಕಿವಿಯಲ್ಲಿ ಹೇಳಿದಳು. ಅವಳು ಹೇಳಿದ್ದು ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ. ತಾಯಿ ಇಟ್ಟ ಕೂಗು ಹೊರಗಿನ ನಲ್ಲಿಯವರೆಗೂ ಕೇಳಿಸಿತು.

ಅಂದಿನಿಂದ ಎತ್ತರದ ಸ್ಟೂಲು ಮೂಲೆ ಸೇರಿತು. ತಪಾಸಣೆಯ ದಿನ ಕಂಚಕ್ಕ ಚೀಟಿ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗುತ್ತಾಳೆ. ಒಬ್ಬೊಬ್ಬರ ಮುಂದೆಯೂ ಬಗ್ಗುತ್ತಾಳೆ, ಕಿವಿಯ ಹತ್ತಿರ ಹೆಸರು ಹೇಳುತ್ತಾಳೆ, ಎದ್ದವಳನ್ನು ಕೈ ಹಿಡಿದು ಪರದೆಯವರೆಗೆ ಬಿಟ್ಟು ಬರುತ್ತಾಳೆ. ಹೊಸ ಬಸುರಿಯರು ಅವಳನ್ನು ಮೂಗಿ ಎಂದುಕೊಳ್ಳುವುದೂ ಉಂಟು. ಮಂಡಿ ಮಾತ್ರ ಮಡಕೆಯ ಹಾಗೆ ಊದುತ್ತದೆ.

ಮೊನ್ನೆ ಸಿಸ್ಟರ್ ಆ ಸ್ಟೂಲನ್ನು ಒರೆಸಿ, ಮೇಲೊಂದು ಮೆತ್ತೆ ಹಾಕಿ ತಂದಿಟ್ಟಳು. "ಕೂತ್ಕೊಳ್ಳಿ ಅಕ್ಕಾ. ಇಡೀ ದಿನ ಹೀಗೆ ಕುಂಟ್ತೀರಲ್ಲ! ನಡೆಯೋದು ನಾನು ನಡೀತೀನಿ. ಮಂಡಿಗೂ ಡಾಕ್ಟರಮ್ಮ ಔಷಧಿ ಬರೆದಿದಾರೆ, ತಗೊಳ್ಳಿ."

ಕಂಚಕ್ಕ ಸ್ಟೂಲನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

"ಬೇಡಮ್ಮಾ. ಔಷಧೀನೂ ಬೇಡ, ಮೆತ್ತೇನೂ ಬೇಡ. ಮಂಡಿ ನೋಯ್ತಾ ಇದ್ರೇನೇ ಬಾಯಿ ಸುಮ್ನಿರೋದು. ಕೂತ್ರೆ ಮತ್ತೆ ಕೂಗ್ತೀನಿ. ನನ್ನ ಗಂಟಲು ನನಗೆ ಗೊತ್ತು."